ಬೈಸಿಕಲ್ಲಿನ ಗಾಯವೂ ಪರಿಹಾರದ ಹಕ್ಕೂ

ಬೈಸಿಕಲ್ಲು ಬಡವರ ವಾಹನ. ಅದಕ್ಕೆ ಲೈಸೆನ್ಸು ಬೇಕಿಲ್ಲ, ವಿಮೆ ಬೇಕಿಲ್ಲ, ಹಿಂದುಗಡೆ ಸಂಖ್ಯೆಯ ಫಲಕವೂ ಬೇಕಿಲ್ಲ. ಈ ಮೂರೂ ಇಲ್ಲದಿರುವುದರಿಂದ ಬೈಸಿಕಲ್ಲಿನವನಿಗೆ ರಸ್ತೆಯಲ್ಲಿ ಹಕ್ಕೂ ಇಲ್ಲವೆಂದು ನಮ್ಮಲ್ಲಿ ಅನೇಕರು ಭಾವಿಸಿರುವಂತೆ ತೋರುತ್ತದೆ. ಮೋಟಾರು ಬಂದು ತಗಲಿ ಕಾಲು ಮುರಿದುಕೊಂಡವನು, "ನನ್ನ ಹತ್ತಿರ ಕಾಗದಪತ್ರವೇನೂ ಇಲ್ಲವಲ್ಲ, ಯಾವ ಮುಖವಿಟ್ಟುಕೊಂಡು ಕೇಳಲಿ?" ಎನ್ನುತ್ತಾನೆ. ಈ ಭಾವನೆ ಸರಿಯಲ್ಲ. 1988ರ ಮೋಟಾರು ವಾಹನಗಳ ಅಧಿನಿಯಮದ 146ನೆಯ ಪ್ರಕರಣವು ಪ್ರತಿಯೊಂದು ಮೋಟಾರಿಗೂ ವಿಮೆಯನ್ನು ಕಡ್ಡಾಯ ಮಾಡಿರುವುದು ಮೋಟಾರಿನ ಒಡೆಯನ ಸೌಖ್ಯಕ್ಕಾಗಿ ಅಲ್ಲ. ಒಡೆಯನೂ ಅಲ್ಲದ, ವಿಮೆಯ ಕಂಪೆನಿಯೂ ಅಲ್ಲದ ಮೂರನೆಯವನ ರಕ್ಷಣೆಗಾಗಿ. ರಸ್ತೆಯಲ್ಲಿ ನಡೆದು ಹೋಗುವವನೂ ಬೈಸಿಕಲ್ಲು ತುಳಿದು ಹೋಗುವವನೂ ಆ ಮೂರನೆಯವರಲ್ಲಿ ಮೊದಲನೆಯ ಸಾಲಿನವರು. ಹಾಗಿರುವಲ್ಲಿ ಪರಿಹಾರವನ್ನು ಕೇಳುವುದು ಭಿಕ್ಷೆಯೂ ಅಲ್ಲ, ದುರಾಶೆಯೂ ಅಲ್ಲ.

ಈ ವಿಚಾರ ನಮ್ಮ ದೇಶಕ್ಕೆ ಹೊಸದೆಂದೂ ತಿಳಿಯಬೇಕಾಗಿಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬಂಡಿಯಿಂದಾಗುವ ಅಪಾಯಗಳ ವಿಚಾರವಾಗಿ ಕೆಲವು ಶ್ಲೋಕಗಳಿವೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ ಎಂದು ಹತ್ತು ಸಂದರ್ಭಗಳನ್ನು ಎಣಿಸಿ, ಆಗ ಸಾರಥಿಗೆ ದಂಡವಿಲ್ಲವೆಂದು ಅಲ್ಲಿ ಹೇಳಿದೆ. ಸಾರಥಿಯು ಅಕುಶಲನಾಗಿದ್ದು ಬಂಡಿ ದಾರಿ ತಪ್ಪಿ ಯಾರಿಗಾದರೂ ಹಾನಿಯಾದರೆ ಒಡೆಯನಿಗೆ ದಂಡ. ಸಾರಥಿಯು ಕುಶಲನಾಗಿದ್ದರೆ ದಂಡ ಸಾರಥಿಗೇ. ಮೋಟಾರಿನ ಒಡೆಯ, ಚಾಲಕ ಇಬ್ಬರನ್ನೂ ಎದುರು ಕಕ್ಷಿ ಮಾಡುವ ಇಂದಿನ ಪದ್ಧತಿಯ ಬೀಜ ಇಲ್ಲಿಯೇ ಇದೆಯಲ್ಲವೆ ಎಂದು ನನಗೆ ತೋರುವುದುಂಟು. ಅಂಗಕ್ಕೆ ಪೆಟ್ಟಾದರೆ, ಗಾಯವಾದರೆ, ಪೆಟ್ಟು ಮಾಡಿದವನು 'ಸಮುತ್ಥಾನವ್ಯಯ'ವನ್ನು, ಎಂದರೆ ಬಿದ್ದವನು ಮತ್ತೆ ಎದ್ದು ನಿಲ್ಲುವವರೆಗಿನ ಖರ್ಚನ್ನು, ಕೊಡಬೇಕೆಂದೂ ಅದೇ ಅಧ್ಯಾಯದಲ್ಲಿದೆ. ಎಷ್ಟು ಅಂದವಾದ ಪದ! ಆದರೆ ಆ ಹತ್ತು ವಿನಾಯಿತಿಗಳಲ್ಲಿ ಒಂದನ್ನು ಮಾತ್ರ ಈಗಿನವರು ಒಪ್ಪಲಾರರು. 'ದಾರಿ ಬಿಡು' ಎಂದು ಕೂಗಿಕೊಂಡು ಬಂದ ಸಾರಥಿಗೆ ಅಲ್ಲಿ ದಂಡವಿಲ್ಲ. ಇಂದು ಹಾರನ್ನು ಬಾರಿಸಿದ ಮಾತ್ರಕ್ಕೆ ಚಾಲಕನ ಹೊಣೆ ಕಳೆಯುವುದಿಲ್ಲ. ಆದರೂ ನಮ್ಮ ಚಾಲಕರಲ್ಲಿ ಬಹುಮಂದಿ ಈಗಲೂ ಮನುವಿನ ಕಾಲದಲ್ಲಿಯೇ ಇರುವಂತೆ ಕಾಣುತ್ತದೆ.

ಇರಲಿ. ಪ್ರಕೃತಕ್ಕೆ ಬರೋಣ. ನಮ್ಮ ತಾಲ್ಲೂಕಿನ ಪಟ್ಟಣದಲ್ಲಿ ಒಬ್ಬ ದರ್ಜಿ ಇದ್ದಾನೆ. ನನ್ನ ಹಳೆಯ ಶಿಷ್ಯ, ಹೆಸರು ಬೇಡ. 2023ರಲ್ಲಿ, ಅವನಿಗೆ ಮೂವತ್ತೆಂಟು ವರ್ಷ ವಯಸ್ಸಾಗಿದ್ದಾಗ, ಸಂಜೆ ಅಂಗಡಿ ಮುಚ್ಚಿಕೊಂಡು ಬೈಸಿಕಲ್ಲಿನಲ್ಲಿ ಮನೆಗೆ ಬರುತ್ತಿದ್ದವನಿಗೆ ಒಂದು ಕಾರು ಹಿಂದಿನಿಂದ ಬಂದು ಬಡಿಯಿತು. ಬಲಗಾಲಿನ ಮೊಣಕಾಲ ಕೆಳಗಿನ ಎರಡು ಮೂಳೆಗಳೂ ಮುರಿದುವು. ಹರಡಿನ ಕೀಲಿಗೂ ಪೆಟ್ಟಾಯಿತು. ಕಾರಿನವರು ಕೆಟ್ಟವರೇನಲ್ಲ. ಗಾಯಗೊಂಡವನನ್ನು ಚಾಲಕನೇ ಹತ್ತಿರದ ವೈದ್ಯರಲ್ಲಿಗೆ ಒಯ್ಯಬೇಕೆಂದು ಅಧಿನಿಯಮದ 134ನೆಯ ಪ್ರಕರಣ ಹೇಳುತ್ತದೆ. ಅವರು ಹಾಗೆಯೇ ಮಾಡಿದರು. ಮಾರನೆಯ ದಿನ ಅವರ ಮನೆಯ ಹಿರಿಯರೊಬ್ಬರು ಆಸ್ಪತ್ರೆಗೆ ಬಂದು ದರ್ಜಿಯ ಹೆಂಡತಿಗೆ ಹೇಳಿದರು: "ಏನೋ ಗ್ರಹಚಾರ, ಆದದ್ದಾಯಿತಮ್ಮ. ಹತ್ತು ಸಾವಿರ ಕೊಡುತ್ತೇವೆ. ಪೊಲೀಸು, ಕೋರ್ಟು ಎಂದು ಯಾಕೆ ಅಲೆಯುತ್ತೀರಿ? ಒಂದು ಕಾಗದಕ್ಕೆ ರುಜು ಹಾಕಿಬಿಡಿ." ಆಕೆ ಅಂದೇ ಸಂಜೆ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ರುಜು ಹಾಕಲೇ?" ಎಂದು ಕೇಳಿದಳು. ಆಕೆಯ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನು ನೋಡಿದರೆ ಮೊದಲನೆಯ ದಿನದ ಖರ್ಚೇ ಹತ್ತು ಸಾವಿರವನ್ನು ಮೀರಿತ್ತು. ಬೇಡವೆಂದೆ.

ರಸ್ತೆಯ ಬದಿಯ ರಾಜಿಯಲ್ಲಿ ಇರುವ ಮೋಸವು ಹಣದ ಅಲ್ಪತೆಯಲ್ಲಿ ಮಾತ್ರವೇ ಇಲ್ಲ. ಮುರಿದ ಮೂಳೆ ಹೇಗೆ ಕೂಡುತ್ತದೆ, ಕೀಲು ಬಗ್ಗುತ್ತದೆಯೇ, ಒಳಗೆ ಹಾಕಿದ ಲೋಹದ ಪಟ್ಟಿಯನ್ನು ತೆಗೆಯಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕೇ ಎಂಬ ಸಂಗತಿಗಳು ಮೊದಲ ವಾರದಲ್ಲಿ ವೈದ್ಯರಿಗೇ ತಿಳಿದಿರುವುದಿಲ್ಲ. ತನಗೆ ಎಷ್ಟು ನಷ್ಟವಾಗಿದೆ ಎಂಬುದನ್ನೇ ಅರಿಯದವನು ಎಷ್ಟಕ್ಕೆ ರಾಜಿಯಾಗಬೇಕು? ಕಾರಿನವರಿಗೂ ಇದರಿಂದ ಉಪಕಾರವಿಲ್ಲ. ವಿಮೆಯ ಕಂತನ್ನು ಕಟ್ಟಿರುವವರು ತಮ್ಮ ಕೈಯಿಂದ ಹತ್ತು ಸಾವಿರ ತೆರುವ ಅಗತ್ಯವೇ ಇಲ್ಲ, ಕೊಡತಕ್ಕದ್ದು ಕಂಪೆನಿ. ಇದನ್ನು ನಾನು ಆ ಹಿರಿಯರಿಗೆ ವಿವರಿಸಿದಾಗ ಅವರೂ ಒಪ್ಪಿಕೊಂಡರು, ದ್ವೇಷವೇನೂ ಬೆಳೆಯಲಿಲ್ಲ. ಪರಿಹಾರದ ಅರ್ಜಿಯೆಂದರೆ ಎದುರಿನವರನ್ನು ಸೆರೆಮನೆಗೆ ಕಳುಹಿಸುವ ಹಟವೆಂದು ಹೆದರುವವರು ಈ ಭೇದವನ್ನು ಗಮನಿಸಬೇಕು. ಚಾಲಕನ ಮೇಲಿನ ಕ್ರಿಮಿನಲ್ ಮೊಕದ್ದಮೆ ಬೇರೆ, ಪರಿಹಾರದ ಅರ್ಜಿ ಬೇರೆ. ಮೊದಲನೆಯದರಲ್ಲಿ ತಪ್ಪು ನಿಸ್ಸಂದೇಹವಾಗಿ ಸಿದ್ಧವಾಗಬೇಕು. ಎರಡನೆಯದರಲ್ಲಿ ಸಂಭವದ ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂದು ನೋಡಿದರೆ ಸಾಕು.

ಇನ್ನು ಆಸ್ಪತ್ರೆಯ ವಿಚಾರ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಎಷ್ಟೋ ಮೊಕದ್ದಮೆಗಳು ನ್ಯಾಯಾಲಯದಲ್ಲಿ ಸೋಲುವುದಕ್ಕೆ ಮೊದಲೇ, ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ, ಒಂದು ಸಾಲಿನ ಬರವಣಿಗೆಯಿಂದ ಸೋತುಹೋಗಿರುತ್ತವೆ. ಗಾಯಾಳು ಬಂದೊಡನೆ ಅಲ್ಲಿಯವರು "ಹೇಗಾಯಿತು?" ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಗಾಯಾಳುವಿಗೆ ಮಾತನಾಡುವ ಶಕ್ತಿಯಿರುವುದಿಲ್ಲ. ಜೊತೆಗೆ ಬಂದ ಬಂಧುವೋ ದಾರಿಹೋಕನೋ, ಪೊಲೀಸಿನ ಗೊಡವೆ ಬೇಡವೆಂದು, "ಸೈಕಲ್ಲಿಂದ ಬಿದ್ದ" ಎಂದು ಹೇಳಿಬಿಡುತ್ತಾನೆ. ನಮ್ಮ ದರ್ಜಿಯ ಭಾವಮೈದುನ ಹೇಳಿದ್ದೂ ಅದನ್ನೇ. ತಿಂಗಳುಗಳ ತರುವಾಯ ವಿಮೆಯ ಕಂಪೆನಿಯ ವಕೀಲರು ಅದೇ ಪುಟವನ್ನು ತರಿಸಿ, "ಈತನು ತಾನಾಗಿಯೇ ಬಿದ್ದನು, ಕಾರಿಗೂ ಇದಕ್ಕೂ ಸಂಬಂಧವಿಲ್ಲ" ಎಂದು ವಾದಿಸಿದರು. ಸತ್ಯವನ್ನು ಮೊದಲನೆಯ ಗಳಿಗೆಯಲ್ಲಿಯೇ ಹೇಳಿ, ಯಾವ ವಾಹನ, ಯಾವ ಸ್ಥಳ, ಎಷ್ಟು ಹೊತ್ತಿಗೆ ಎಂಬುದನ್ನು ಬರೆಯಿಸಿಬಿಟ್ಟರೆ ಈ ತೊಡಕು ಇರುವುದಿಲ್ಲ. ಆ ದಾಖಲೆಗೆ ಎಂ.ಎಲ್.ಸಿ. ಎಂದು ಹೆಸರು. ಅದರ ಆಧಾರದಿಂದಲೇ ಮುಂದೆ ಗಾಯದ ಪ್ರಮಾಣಪತ್ರವೂ ಬರುತ್ತದೆ.

ಗಾಯಗೊಂಡವನನ್ನು ಎತ್ತಿ ತಂದ ದಾರಿಹೋಕನು ತನ್ನ ಹೆಸರನ್ನು ಹೇಳಲೇಬೇಕೆಂಬ ಬಲವಂತ ಈಗ ಇಲ್ಲ. 134-ಎ ಪ್ರಕರಣವೂ 2020ರಲ್ಲಿ ಬಂದ ನಿಯಮಗಳೂ ಅಂತಹ ಪರೋಪಕಾರಿಗೆ ರಕ್ಷಣೆ ಕೊಟ್ಟಿವೆ. ಆದಕಾರಣ ಸುಳ್ಳು ಹೇಳಿ ತಪ್ಪಿಸಿಕೊಳ್ಳಬೇಕಾದ ಕಾರಣವೂ ಇಲ್ಲ. ಖರ್ಚಿನ ಭಯದಿಂದ ಚಿಕಿತ್ಸೆಯನ್ನು ತಡಮಾಡುವವರಿಗೆ ಇನ್ನೊಂದು ಸಂಗತಿ: 2025ರ ಮೇ 5ರಂದು ಕೇಂದ್ರ ಸರ್ಕಾರವು ಪ್ರಕಟಿಸಿದ ಯೋಜನೆಯಂತೆ, ಮೋಟಾರು ಅಪಘಾತಕ್ಕೆ ಸಿಕ್ಕಿದವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಮಿತಿಯೊಳಗೆ ಕೈಯಿಂದ ಹಣ ಕೊಡದೆ ಚಿಕಿತ್ಸೆ ದೊರೆಯತಕ್ಕದ್ದು. ಆಸ್ಪತ್ರೆಗೆ ಸೇರಿಸುವಾಗಲೇ ಇದನ್ನು ಕೇಳಬೇಕು.

ಪೊಲೀಸು ಠಾಣೆಯ ಕೆಲಸ ಇದರ ಜೊತೆಜೊತೆಗೇ ನಡೆಯಬೇಕು. ಮನೆಯವರು ಆಸ್ಪತ್ರೆಯಲ್ಲಿದ್ದುದರಿಂದ ದೂರು ಎರಡು ದಿನ ತಡವಾಯಿತೆಂದರೆ ಎದೆಗೆಡಬೇಕಾಗಿಲ್ಲ. ತಡವಾದ ಒಂದೇ ಕಾರಣದಿಂದ ಅರ್ಜಿಯನ್ನು ತಳ್ಳಿಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಹೇಳಿದೆ. ಆದರೆ ತಡವೇಕಾಯಿತೆಂಬುದನ್ನು ದೂರಿನಲ್ಲಿಯೇ ಬರೆಯುವುದು ಮೇಲು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಗಾಯಾಳುವಿಗೆ ಉಚಿತವಾಗಿ ಕೊಡಬೇಕೆಂದು ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ಇನ್ಸ್‌ಪೆಕ್ಟರು ಎರಡೂ ವಾಹನಗಳನ್ನು ನೋಡಿ ಬರೆದ ವರದಿ, ಕಡೆಗೆ ದೋಷಾರೋಪಣ ಪಟ್ಟಿ, ಇವು ಒಂದಾದ ಮೇಲೊಂದು ಬರುತ್ತವೆ. ಜಜ್ಜಿಹೋದ ಬೈಸಿಕಲ್ಲನ್ನು ಈ ಪರೀಕ್ಷೆಯಾಗುವವರೆಗೆ ಗುಜರಿಗೆ ಹಾಕಬಾರದು. ಹಿಂದಿನ ಚಕ್ರ ಎಂಟಾಗಿ ಮುಂದಿನದು ನೆಟ್ಟಗಿದ್ದರೆ, ಕಾರು ಯಾವ ಕಡೆಯಿಂದ ಬಂತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆಯಿಲ್ಲ. ದರ್ಜಿಯ ಪಾಲಿಗೆ, ಆಸ್ಪತ್ರೆಯ ಪುಸ್ತಕದಲ್ಲಿ ಬಿದ್ದ ತಪ್ಪು ಸಾಲನ್ನು ಮೀರಿ ನಿಂತುವು ಈ ಹಿಂದಿನ ಚಕ್ರವೂ, ಎದುರಿಗೆ ಬೀಡ ಕಟ್ಟುತ್ತಿದ್ದ ಅಂಗಡಿಯವನ ಮಾತೂ.

2022ರ ಏಪ್ರಿಲ್ ಒಂದನೆಯ ತಾರೀಖಿನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ, ತನಿಖೆಯ ಅಧಿಕಾರಿಯು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ, ಪೂರ್ಣ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಕಳುಹಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಲೂ ಅಧಿನಿಯಮದಲ್ಲಿ ಅವಕಾಶವಿದೆ. ಆದರೂ ಗೃಹಸ್ಥನಾದವನು ಅದನ್ನು ನಂಬಿಕೊಂಡು ಸುಮ್ಮನೆ ಕುಳಿತಿರುವುದು ಬೇಡ. ತಾನೇ 166ನೆಯ ಪ್ರಕರಣದಂತೆ ಅರ್ಜಿಯನ್ನು ಹಾಕಬೇಕು. ಅದಕ್ಕೆ ಅಪಘಾತದ ದಿನದಿಂದ ಆರು ತಿಂಗಳೆಂದು ಕಾಲಮಿತಿ ಇದೆ. ಈ ಮಿತಿಗೆ ಒಂದು ಚರಿತ್ರೆಯೇ ಉಂಟು: ಮೊದಲಿದ್ದ ಅವಧಿಯನ್ನು 1994ರಲ್ಲಿ ತೆಗೆದುಹಾಕಿದರು, 2019ರ ತಿದ್ದುಪಡಿಯಿಂದ ಆರು ತಿಂಗಳ ಅವಧಿ ಮತ್ತೆ ಬಂದು 2022ರಲ್ಲಿ ಜಾರಿಯಾಯಿತು. ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಿದ್ದಾರೆ; ಅವಧಿ ಮೀರಿತೆಂದು ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಆ ನ್ಯಾಯಾಲಯವು ಮಧ್ಯಂತರ ಆಜ್ಞೆಯನ್ನೂ ಕೊಟ್ಟಿತು. ಅವಧಿ ಮೀರಿದವರಿಗೆ ಅದು ಆಸರೆ. ಆದರೆ ಮಧ್ಯಂತರ ಆಜ್ಞೆಯೆಂಬುದು ಚಪ್ಪರವೇ ಹೊರತು ಮನೆಯಲ್ಲ. ಆರು ತಿಂಗಳೊಳಗೆ ಅರ್ಜಿ ಹಾಕಲು ಶಕ್ತಿಯಿರುವವನು ಅದರ ಕೆಳಗೆ ನಿಲ್ಲಬಾರದು.

ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲಿಯೇ ಹಾಕಬೇಕೆಂದೇನೂ ಇಲ್ಲ. ತಾನು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. 1956ರ ತಿದ್ದುಪಡಿಗೆ ಹಿಂದೆ ಇಂತಹ ಮಂಡಳಿಗಳೇ ಇರಲಿಲ್ಲ. ಸಿವಿಲ್ ದಾವೆ ಹೂಡಿ ಕಾಯಬೇಕಾಗಿತ್ತು. ಈಗ ಬೆಂಗಳೂರಿನಲ್ಲಿ ಲಘುವ್ಯವಹಾರಗಳ ನ್ಯಾಯಾಲಯವೂ, ಇತರ ಊರುಗಳಲ್ಲಿ ಜಿಲ್ಲಾ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು ಇವರ ನ್ಯಾಯಾಲಯಗಳೂ ಈ ಮಂಡಳಿಯ ಕೆಲಸವನ್ನು ನಡೆಸುತ್ತವೆ. ಆದರೆ ತಗಲಿದ್ದು ಮೋಟಾರು ವಾಹನವೇ ಆಗಿರಬೇಕು. ಒಂದು ಬೈಸಿಕಲ್ಲು ಇನ್ನೊಂದಕ್ಕೆ ತಗಲಿದರೆ, ಅಥವಾ ಬೀದಿಯ ಹೊಂಡಕ್ಕೆ ಚಕ್ರ ಇಳಿದು ಬಿದ್ದರೆ, ಇಲ್ಲಿ ಪರಿಹಾರವಿಲ್ಲ. ಆ ದಾರಿಗಳು ಬೇರೆ.

ತಗಲಿಸಿದ ವಾಹನ ನಿಲ್ಲದೆ ಓಡಿಹೋಗಿ, ಯಾವುದೆಂದು ಗೊತ್ತೇ ಆಗದಿದ್ದರೆ? ಆಗಲೂ 161ನೆಯ ಪ್ರಕರಣದಂತೆ ತೀವ್ರ ಗಾಯಕ್ಕೆ 50,000 ರೂಪಾಯಿ, ಮರಣಕ್ಕೆ 2 ಲಕ್ಷ ರೂಪಾಯಿ ಗೊತ್ತಾಗಿದೆ; 2022ರ ಏಪ್ರಿಲಿಗೆ ಹಿಂದೆ ಈ ಮೊತ್ತಗಳು 12,500 ಮತ್ತು 25,000 ಆಗಿದ್ದುವು. ಇದಕ್ಕೆ ವಕೀಲರು ಬೇಕಿಲ್ಲ. ಅಪಘಾತ ನಡೆದ ತಾಲ್ಲೂಕಿನ ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗಳಲ್ಲಿ ಅರ್ಜಿ ಕೊಡಬೇಕು. ಐವತ್ತು ಸಾವಿರ ಸಾಲದೆಂದು, ಪರಿಚಯದ ಯಾವುದಾದರೂ ಮೋಟಾರನ್ನು ತಂದು "ಇದೇ ತಗಲಿತು" ಎಂದು ನಿಲ್ಲಿಸುವ ಸಲಹೆ ಕೊಡುವವರು ಊರೂರಲ್ಲಿಯೂ ಇದ್ದಾರೆ. ಅವರ ಮಾತಿಗೆ ಕಿವಿಗೊಟ್ಟವನು ಗಾಯಾಳುವಾಗಿ ನ್ಯಾಯಾಲಯವನ್ನು ಹೊಕ್ಕು ಅಪರಾಧಿಯಾಗಿ ಹೊರಬರುವುದುಂಟು. ಇಂತಹ ಸುಳ್ಳು ಅರ್ಜಿಗಳಿಂದ ನಿಜವಾಗಿ ನೊಂದವರ ಮೇಲೂ ಕಂಪೆನಿಯವರ ಸಂಶಯ ಬೀಳುತ್ತದೆ ಎಂಬುದೇ ನನಗೆ ಹೆಚ್ಚು ಸಂಕಟದ ಸಂಗತಿ.

ಚಾಲಕನ ತಪ್ಪನ್ನು ಸಾಧಿಸುವುದು ಕಷ್ಟವೆಂದು ತೋರಿದವರಿಗೆ 164ನೆಯ ಪ್ರಕರಣವಿದೆ. ಅದರಲ್ಲಿ ತಪ್ಪು ಯಾರದೆಂಬ ಪ್ರಶ್ನೆಯೇ ಇಲ್ಲ. ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಮರಣಕ್ಕೆ ಐದು ಲಕ್ಷ. ಆದರೆ ಕಂಪೆನಿಯವರು ಮುಂದಿಟ್ಟ ಆ ಮೊತ್ತವನ್ನು ಒಪ್ಪಿ ಪಡೆದರೆ ನ್ಯಾಯಮಂಡಳಿಯ ಮುಂದಿರುವ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಚೆನ್ನಾಗಿ ವಾಸಿಯಾಗುವ ಗಾಯಕ್ಕೆ ಇದು ಲಾಭವಾಗಬಹುದು. ಜೀವಮಾನವೆಲ್ಲ ಕುಂಟಬೇಕಾದವನಿಗೆ ನಷ್ಟ.

ಹೀಗೆ ಹೇಳುವುದೇಕೆಂದರೆ, ಪರಿಹಾರದ ಮುಖ್ಯ ಭಾಗವು ಆಸ್ಪತ್ರೆಯ ಬಿಲ್ಲುಗಳಲ್ಲಿ ಇಲ್ಲ, ದುಡಿಮೆಯ ನಷ್ಟದಲ್ಲಿದೆ. ಇದನ್ನು 2010ರ ಅಕ್ಟೋಬರಿನಲ್ಲಿ ರಾಜ್‌ಕುಮಾರ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹಳ ಸ್ಪಷ್ಟವಾಗಿ ವಿವರಿಸಿತು. ತೀರ್ಪನ್ನು ಬರೆದವರು, ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಅದರ ಸಾರ ಇಷ್ಟು: ಅಂಗಕ್ಕೆ ಆದ ಊನ ಒಂದು, ಇಡೀ ದೇಹಕ್ಕೆ ಆದ ಊನ ಇನ್ನೊಂದು, ಸಂಪಾದನೆಯ ಶಕ್ತಿಗೆ ಆದ ಊನ ಮೂರನೆಯದು. ಎಡಗೈಯನ್ನು ಕಳೆದುಕೊಂಡವನು ಬಡಗಿಯೋ ಚಾಲಕನೋ ಆಗಿದ್ದರೆ ಅವನ ಸಂಪಾದನೆ ಬಹುಮಟ್ಟಿಗೆ ಪೂರ್ತಿಯಾಗಿಯೇ ಹೋಗಬಹುದು. ಸರ್ಕಾರದ ಕಛೇರಿಯ ಗುಮಾಸ್ತನಾಗಿದ್ದರೆ ಕೆಲಸ ಉಳಿಯಬಹುದು. ಊನ ಒಂದೇ, ನಷ್ಟ ಬೇರೆ. ಕೇಳಿದವರಿಗೆಲ್ಲ ಊನದ ಪ್ರಮಾಣಪತ್ರವನ್ನು ಬರೆದುಕೊಡುವ ವೈದ್ಯರ ವಿಚಾರದಲ್ಲಿ ಎಚ್ಚರವಾಗಿರಬೇಕೆಂದೂ ಅಲ್ಲಿ ಹೇಳಿದೆ. ಚಿಕಿತ್ಸೆ ಮಾಡಿದ ವೈದ್ಯರೇ ಸಾಕ್ಷಿಗೆ ಬಂದರೆ ಅದರ ತೂಕವೇ ಬೇರೆ. ಅವರನ್ನು ವಿನಯದಿಂದ ಮೊದಲೇ ಕೇಳಿಕೊಂಡಿರುವುದು ಒಳ್ಳೆಯದು.

ನಮ್ಮ ದರ್ಜಿಯ ಲೆಕ್ಕವನ್ನೇ ನೋಡೋಣ. ವೈದ್ಯರು ಬಲಗಾಲಿಗೆ ನೂರಕ್ಕೆ 30ರಷ್ಟು ಊನವೆಂದೂ, ಇಡೀ ದೇಹಕ್ಕೆ 10ರಷ್ಟೆಂದೂ ಹೇಳಿದರು. ಕಂಪೆನಿಯ ವಕೀಲರು, "ಹೊಲಿಗೆ ಕೈಯ ಕೆಲಸ, ಕಾಲಿಗೇನಾದರೇನು? ಈಗ ಯಂತ್ರಕ್ಕೆ ವಿದ್ಯುತ್ತಿನ ಮೋಟಾರೂ ಇದೆ" ಎಂದರು. ವಿದ್ಯುತ್ತಿನ ಮೋಟಾರನ್ನು ಓಡಿಸಿ ನಿಲ್ಲಿಸುವುದೂ ಬಲಗಾಲಿನಿಂದಲೇ ಎಂಬುದನ್ನು ದರ್ಜಿಯು ಸಾಕ್ಷಿಯ ಕಟ್ಟೆಯಲ್ಲಿ ನಿಂತು, ಬಗ್ಗದ ಹರಡನ್ನು ತೋರಿಸಿ, ತಾನೇ ವಿವರಿಸಿದನು. ನ್ಯಾಯಮಂಡಳಿಯು ಸಂಪಾದನೆಯ ನಷ್ಟವನ್ನು 20ರಷ್ಟೆಂದು ಹಿಡಿಯಿತು. ತಿಂಗಳಿಗೆ 20,000 ದುಡಿಯುತ್ತಿದ್ದೆನೆಂದು ಅವನು ಹೇಳಿದರೂ ಲೆಕ್ಕದ ಪುಸ್ತಕವಿರಲಿಲ್ಲವಾದ್ದರಿಂದ 15,000 ಎಂದು ತೆಗೆದುಕೊಂಡಿತು. ಸ್ವಂತ ದುಡಿಮೆಯವನಿಗೆ ನಲವತ್ತು ವರ್ಷ ತುಂಬದಿದ್ದರೆ, ಮುಂದಿನ ವರ್ಷಗಳಲ್ಲಿ ಹೆಚ್ಚಬಹುದಾಗಿದ್ದ ಆದಾಯಕ್ಕಾಗಿ ನೂರಕ್ಕೆ 40ನ್ನು ಕೂಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2017ರಲ್ಲಿ ನಿರ್ಣಯಿಸಿತು. 2020ರಲ್ಲಿ ಅದನ್ನು ಶಾಶ್ವತ ಊನವುಳ್ಳ ಗಾಯಾಳುಗಳಿಗೂ ಅನ್ವಯಿಸಿತು. ಹಾಗೆ ತಿಂಗಳಿಗೆ 21,000, ವರ್ಷಕ್ಕೆ 2,52,000 ಆಯಿತು. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಹೆಚ್ಚಿಸಬೇಕು. ಗುಣಕದ ಪಟ್ಟಿಯು 2009ರ ಸರಳಾ ವರ್ಮಾ ತೀರ್ಪಿನಲ್ಲಿದೆ: ಇಪ್ಪತ್ತೈದರವರೆಗಿನ ತರುಣರಿಗೆ 18, ಮೂವತ್ತಾರರಿಂದ ನಲವತ್ತರವರೆಗೆ 15, ಹೀಗೆ ಇಳಿಯುತ್ತ ಅರವತ್ತೈದು ದಾಟಿದವರಿಗೆ 5. ದರ್ಜಿಗೆ 15. ಒಟ್ಟು 37,80,000, ಅದರಲ್ಲಿ ನೂರಕ್ಕೆ 20 ಎಂದರೆ 7,56,000 ರೂಪಾಯಿ. ಕಂಪೆನಿಯವರ ಮಾತಿನಂತೆ 10ನ್ನೇ ಹಿಡಿದಿದ್ದರೆ ಅದರ ಅರ್ಧ, 3,78,000. ಒಂದು ಹರಡಿನ ಕೀಲೂ ಒಂದು ಕಸುಬೂ ಹೇಗೆ ಕೂಡಿಕೊಂಡಿವೆ ಎಂಬುದನ್ನು ಬಾಯಿಬಿಟ್ಟು ಹೇಳಿದ್ದರಿಂದ ಬಂದ ವ್ಯತ್ಯಾಸವಿದು.

ಇದರ ಮೇಲೆ ಔಷಧೋಪಚಾರದ ಖರ್ಚು, ಆಸ್ಪತ್ರೆಗೆ ಓಡಾಡಿದ ಬಾಡಿಗೆ, ಪುಷ್ಟಿಕರ ಆಹಾರ, ಆರೈಕೆಗೆ ನಿಂತವರ ದುಡಿಮೆ, ಮಲಗಿದ್ದ ತಿಂಗಳುಗಳ ಆದಾಯ, ಅನುಭವಿಸಿದ ನೋವು, ಇನ್ನು ಮುಂದೆ ಅನುಭವಿಸಲಾಗದ ಸೌಖ್ಯಗಳು ಎಂದು ಬೇರೆ ಬೇರೆ ಬಾಬುಗಳಿವೆ. ಲೋಹದ ಪಟ್ಟಿಯನ್ನು ತೆಗೆಯುವ ಮುಂದಿನ ಶಸ್ತ್ರಚಿಕಿತ್ಸೆಗೆ ಎಷ್ಟಾದೀತೆಂದು ವೈದ್ಯರಿಂದ ಬರೆಯಿಸಿಕೊಂಡಿದ್ದರೆ ಅದೂ ಸೇರುತ್ತದೆ. ಬಿಲ್ಲುಗಳನ್ನು ತಾರೀಖಿನ ಕ್ರಮದಲ್ಲಿ ಒಂದು ದಾರಕ್ಕೆ ಪೋಣಿಸಿಟ್ಟುಕೊಂಡ ಮನೆಯವರು ಯಾವಾಗಲೂ ಗೆಲ್ಲುತ್ತಾರೆ. ಔಷಧದ ಅಂಗಡಿಯ ಚೀಟಿಗಳಲ್ಲಿ ಕೆಲವು ಕೆಲವೇ ತಿಂಗಳಲ್ಲಿ ಮಸಿ ಹಾರಿ ಬರಿಯ ಬಿಳಿಯ ಕಾಗದಗಳಾಗುತ್ತವೆ. ಅವುಗಳ ನೆರಳಚ್ಚನ್ನು ಕೂಡಲೇ ತೆಗೆಸಿ, ಮೂಲದೊಡನೆ ಇಟ್ಟಿರಬೇಕು.

ಆದಾಯಕ್ಕೆ ಕಾಗದವಿಲ್ಲದವರು ನಿರಾಶರಾಗಬಾರದು. 2004ರಲ್ಲಿ ಗಾಯಗೊಂಡ ಒಬ್ಬ ಕೂಲಿಯವನ ಮೊಕದ್ದಮೆಯಲ್ಲಿ, ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂಬ ಅವನ ಮಾತನ್ನು ಯಾವ ದಾಖಲೆಯೂ ಇಲ್ಲದೆ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಒಪ್ಪಿತು. ಕೂಲಿಯವನಿಂದ ಲೆಕ್ಕಪತ್ರವನ್ನು ನಿರೀಕ್ಷಿಸುವುದು ಸಾಧುವಲ್ಲವೆಂಬುದು ಅದರ ಭಾವ. ಮನೆಯ ಹೆಂಗಸರ ವಿಷಯವೂ ಹೀಗೆಯೇ. "ನಾನೇನು ಸಂಪಾದಿಸುತ್ತೇನೆ?" ಎಂದು ಅವರೇ ಹೇಳಿಬಿಡುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಮನೆಯನ್ನು ನಡೆಸುವ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು 2001ರಲ್ಲಿಯೂ, ಮತ್ತೆ 2021ರ ಜನವರಿಯಲ್ಲಿಯೂ ಅದೇ ನ್ಯಾಯಾಲಯವು ಹೇಳಿದೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬೈಸಿಕಲ್ಲಿನಲ್ಲಿ ಹಿಂದಿರುಗುವ ತಾಯಿಗೆ ಏನಾದರೂ ಆದಾಗ, ಅರ್ಜಿಯಲ್ಲಿ 'ಆದಾಯವಿಲ್ಲ' ಎಂದು ಬರೆಯುವ ವಕೀಲರನ್ನು ತಡೆದು ಕೇಳಬೇಕು.

ಬೈಸಿಕಲ್ಲಿನವನ ತಪ್ಪನ್ನೂ ಮುಚ್ಚಿಡಲಾಗದು. ಕತ್ತಲಲ್ಲಿ ದೀಪವಿಲ್ಲದೆ ಬಂದರೆ, ಎದುರು ಬದಿಯಲ್ಲಿ ಬಂದರೆ, ಕೈ ತೋರಿಸದೆ ತಿರುಗಿದರೆ, ಅವನ ಪಾಲಿನ ತಪ್ಪು ಎಷ್ಟೆಂದು ನಿರ್ಣಯಿಸಿ, ಪರಿಹಾರದಲ್ಲಿ ಅಷ್ಟನ್ನು ಕಳೆಯುತ್ತಾರೆ. ಹಿಂದೆ ಮುನಿಸಿಪಾಲಿಟಿಯವರು ಬೈಸಿಕಲ್ಲಿಗೆ ಬಿಲ್ಲೆ ಕೊಟ್ಟು, ರಾತ್ರಿ ದೀಪವಿಲ್ಲದವರನ್ನು ಹಿಡಿದು ದಂಡ ಹಾಕುತ್ತಿದ್ದರು. ಆ ಬಿಲ್ಲೆಯೂ ಹೋಯಿತು, ದೀಪವೂ ಹೋಯಿತು. ಹಿಂದಿನ ಮಡ್‌ಗಾರ್ಡಿಗೆ ಒಂದು ಕೆಂಪು ಹರಳನ್ನು ಅಂಟಿಸುವುದಕ್ಕೆ ಆಗುವ ಖರ್ಚು ಒಂದು ಕಾಫಿಯದು.

ವಕೀಲರ ವಿಷಯವಾಗಿ ಒಂದು ಮಾತು. "ಬಂದದ್ದರಲ್ಲಿ ನೂರಕ್ಕೆ ಇಷ್ಟು ನನಗೆ" ಎಂದು ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಆಸ್ಪತ್ರೆಯ ಮಂಚದ ಬಳಿಗೇ ಬಂದು ಖಾಲಿ ಕಾಗದಕ್ಕೆ ರುಜು ಕೇಳುವವರನ್ನು ದೂರವಿಡಬೇಕು. ಊರಿನಲ್ಲಿ ಹೆಸರುವಾಸಿಯಾದವರನ್ನು ತಾವಾಗಿಯೇ ಹುಡುಕಿಕೊಂಡು ಹೋಗಿ, ಶುಲ್ಕವನ್ನು ಮೊದಲೇ ನಿಷ್ಕರ್ಷೆ ಮಾಡಿಕೊಳ್ಳಬೇಕು. ಅದಕ್ಕೂ ಅನುಕೂಲವಿಲ್ಲದವರಿಗೆ 1987ರ ಕಾನೂನು ಸೇವೆಗಳ ಅಧಿನಿಯಮದಂತೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಇವರಿಗೆ ಆದಾಯದ ಪ್ರಶ್ನೆಯನ್ನೂ ಕೇಳುವುದಿಲ್ಲ. ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿಯೇ ಆ ಸಮಿತಿಯ ಕಛೇರಿ ಇರುತ್ತದೆ.

ನಡುವೆ ಲೋಕ ಅದಾಲತ್ತಿನಲ್ಲಿ ರಾಜಿಯ ಮಾತು ಬಂದೇ ಬರುತ್ತದೆ. ಇದು ರಸ್ತೆಯ ಬದಿಯ ರಾಜಿಯಂತಲ್ಲ. ಊನವೆಷ್ಟು, ನಷ್ಟವೆಷ್ಟು ಎಂಬುದು ಆ ವೇಳೆಗೆ ತಿಳಿದಿರುತ್ತದೆ. ವರ್ಷಗಳ ಅಲೆದಾಟವೂ ತಪ್ಪುತ್ತದೆ. ಆದರೆ ಅಲ್ಲಿ ಒಪ್ಪಿಕೊಂಡದ್ದರ ಮೇಲೆ ಅಪೀಲು ಇಲ್ಲವಾದ್ದರಿಂದ, ಮೇಲೆ ದರ್ಜಿಗೆ ಮಾಡಿದಂತೆ ತನ್ನ ಲೆಕ್ಕವನ್ನು ಒಂದು ಕಾಗದದಲ್ಲಿ ಮಾಡಿಕೊಂಡು ಹೋಗಿ, ಎಷ್ಟಕ್ಕಿಂತ ಕೆಳಗೆ ಇಳಿಯಬಾರದೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿರಬೇಕು. ದರ್ಜಿಗೆ ಅಲ್ಲಿ ಮೂರು ಲಕ್ಷ ಕೊಡಲು ಮುಂದೆ ಬಂದಿದ್ದರು. ಅವನು ಕೈಮುಗಿದು ಹಿಂದಿರುಗಿದನು.

ತೀರ್ಪು ಬಂದ ಮೇಲೆ ಮೂವತ್ತು ದಿನಗಳೊಳಗೆ ಕಂಪೆನಿಯವರು ಹಣವನ್ನು ಕಟ್ಟಬೇಕು. ಅರ್ಜಿ ಹಾಕಿದ ದಿನದಿಂದ ಬಡ್ಡಿಯನ್ನು ವಿಧಿಸಲು ಮಂಡಳಿಗೆ ಅಧಿಕಾರವಿದೆ. ಮೊತ್ತ ಕಡಿಮೆಯೆಂದು ತೋರಿದರೆ ತೊಂಬತ್ತು ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಅಪೀಲು ಹೋಗಬಹುದು. ಆದರೆ ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಅಪೀಲು ಇಲ್ಲ. ಹಣದ ಒಂದು ಭಾಗವನ್ನು ಬ್ಯಾಂಕಿನಲ್ಲಿ ಕೆಲವು ವರ್ಷಗಳ ಠೇವಣಿಯಾಗಿ ಇರಿಸುವಂತೆ ಮಂಡಳಿಯು ಆಜ್ಞೆ ಮಾಡುವುದುಂಟು. ಇದರಿಂದ ಕೆಲವರಿಗೆ ಅಸಮಾಧಾನ; ಸಾಲಗಾರರಿಗಂತೂ ಬಹಳ ಅಸಮಾಧಾನ. ದರ್ಜಿಯ ಹೆಂಡತಿ ಮಾತ್ರ ಆ ಠೇವಣಿಯ ಕಾಗದವನ್ನು ತಗಡಿನ ಪೆಟ್ಟಿಗೆಯಲ್ಲಿ, ಮಗಳ ಶಾಲೆಯ ಪಟ್ಟಿಗಳ ಕೆಳಗೆ ಇಟ್ಟಿದ್ದಾಳೆ. ತುರ್ತಾಗಿ ಬೇಕಾದರೆ ಕಾರಣವನ್ನು ಬರೆದು ಅದೇ ಮಂಡಳಿಗೆ ಅರ್ಜಿ ಕೊಟ್ಟು, ಅವಧಿಗೆ ಮುಂಚೆಯೇ ಬಿಡಿಸಿಕೊಳ್ಳಲೂ ಬರುತ್ತದೆ.